ಒಂದು ಹುಕ್ಕಾದ ಬೆನ್ನು ಹತ್ತಿ: ಬೀದರ, ಭಾಲ್ಕಿ, ಔರಾದ

ಡಿಸೆಂಬರ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಕಲಬುರಗಿ ಬಸ್ ನಿಲ್ದಾಣ. ಹಾಜರಿದ್ದವರು: ನಾನು, ಚಾಲಕ, ನಿರ್ವಾಹಕ ಮತ್ತು ಉಣ್ಣೆ ಟೊಪ್ಪಿಗೆಯೊಳಗೆ ಮುಖ ಅಡಗಿಸಿಕೊಂಡಿದ್ದ ಏಳು ಜನ ಪ್ರಯಾಣಿಕರು. ನನ್ನ ತೊಡೆಯ ಮೇಲೆ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಬಿದ್ರಿ ಹುಕ್ಕಾ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದವಳು ನಾನು. ಪಾಳಿ ಒಪ್ಪಿಸುವಾಗ ದಿನಾಂಕ, ವೇಳೆ, ಹಾಜರಿ ಬರೆಯದೆ ಯಾವ ವರದಿಯನ್ನೂ ಆರಂಭಿಸಿದವಳಲ್ಲ. ಇದನ್ನೂ ಹಾಗೆಯೇ ಬರೆಯುತ್ತೇನೆ.

ಹೊರಟ ಕಾರಣ ಹೀಗಿದೆ. ಬೀದರಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದಾಗ ನನಗೆ ಹಳೆಯ ಬಿದ್ರಿ ಪಾತ್ರೆಗಳ ಹುಚ್ಚು ಹಿಡಿಯಿತು. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಪಾತ್ರೆಗಳು. ಹೂದಾನಿ, ಪಾನದಾನಿ, ತಟ್ಟೆ, ಸುರಾಹಿ ಎಂದು ಹತ್ತೊಂಬತ್ತು ಸೇರಿದವು. ಎಲ್ಲವನ್ನೂ ನಾನು ಓದಿದ ಹೆಣ್ಣುಮಕ್ಕಳ ಕಾಲೇಜಿಗೆ ಕೊಡುವುದೆಂದು ನಿಶ್ಚಯಿಸಿದೆ. ಹಳೆಯ ವಿದ್ಯಾರ್ಥಿನಿಯರ ಸಂಘ ಅದಕ್ಕಾಗಿ ಒಂದು ಕೋಣೆಗೆ ಸುಣ್ಣ ಬಳಿಸಿ, ಗಾಜಿನ ಕಪಾಟು ಮಾಡಿಸಿತು. ಹೋದ ವಾರ ಹೈದರಾಬಾದಿನ ಸಂಗ್ರಾಹಕರೊಬ್ಬರು ಸಂಘದವರು ಕಳಿಸಿದ ಫೋಟೊ ನೋಡಿ, ಮುನ್ನೂರು ವರ್ಷದ್ದೆಂದು ನಾನು ಬರೆದಿದ್ದ ಹುಕ್ಕಾದ ಮೇಲೆ ಬೆರಳಿಟ್ಟರಂತೆ. ಇದು ಹಳೆಯದಲ್ಲ ಎಂದರಂತೆ.

ಸಂಘದ ಅಧ್ಯಕ್ಷೆ ಸುಮಿತ್ರಾ ನನ್ನ ಸಹಪಾಠಿ. ಫೋನಿನಲ್ಲಿ, "ಅದೊಂದು ಸುಮ್ನ ತೆಗೆದುಬಿಡು. ಹದಿನೆಂಟು ಇದ್ದರೂ ಸಾಕು. ಪಾತ್ರೆಗಳ ಪಟ್ಟಿ ಮಂಗಳವಾರ ಸಂಜಿ ಎಂಟರೊಳಗ ಪ್ರೆಸ್ಸಿಗೆ ಹೋಗಬೇಕು" ಎಂದಳು. ಆಮೇಲೆ, "ಉಳಿದವು ಖರೇನೇ ಹಳೀವು ಅಲ್ಲ?" ಎಂದು ಕೇಳಿದಳು. ಆ ಪ್ರಶ್ನೆ ಬಿದ್ದಾಗಲೇ ನಾನು ಹೊರಡಲು ನಿರ್ಧರಿಸಿದೆ. ಒಂದನ್ನು ಸದ್ದಿಲ್ಲದೆ ತೆಗೆದರೆ ಉಳಿದ ಹದಿನೆಂಟರ ಮುಂದೆ ನಿಂತವರೆಲ್ಲ ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಿಲ್ಲುತ್ತಾರೆ. ಹುಕ್ಕಾ ಎಲ್ಲಿಂದ ಬಂತು ಎಂಬುದು ಸಂಜೆ ಎಂಟರೊಳಗೆ ನನಗೆ ಗೊತ್ತಾಗಬೇಕಿತ್ತು.

ಬೀದರ ತಲುಪಿದಾಗ ಎಂಟು ಐವತ್ತೈದು. ಹೆಂಗಸರಿಗೆ ಟಿಕೆಟ್ ಇಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಚಳಿಗೆ ಬೆರಳು ಸೆಟೆದಿದ್ದವು. ನಿಲ್ದಾಣದಲ್ಲಿ ಶಾಂತಾಬಾಯಿ ಕಾಯುತ್ತಿದ್ದಳು. ನನ್ನ ವಾರ್ಡಿನಲ್ಲಿ ಆಯಾ ಆಗಿದ್ದವಳು. ಈಗ ನಿವೃತ್ತಳಾಗಿ ಜನವಾಡದಲ್ಲಿ ಮಗಳ ಜೊತೆಗಿದ್ದಾಳೆ.

"ಐದು ನಿಮಿಷ ಲೇಟ್ ಆದ್ರಿ ಸಿಸ್ಟರ್. ಹಾಜರಿ ಪುಸ್ತಕದಾಗ ಕೆಂಪು ಗೆರಿ ಹೊಡೀಲೇನ್ರಿ?" ಎಂದಳು.

"ಬಸ್ಸಿಗೆ ಹೊಡಿ" ಎಂದೆ. ಇಬ್ಬರೂ ಒಂದೊಂದು ಪ್ಲೇಟ್ ಮಂಡಕ್ಕಿ ಸುಸಲಾ, ಮಿರ್ಚಿ ತಿಂದು, ಚಹಾ ಕುಡಿದು, ಒಂಬತ್ತು ಇಪ್ಪತ್ತರ ಭಾಲ್ಕಿ ಬಸ್ಸು ಹತ್ತಿದೆವು.

ಭಾಲ್ಕಿಗೆ ಸುಮಾರು ನಲವತ್ತು ಕಿಲೋಮೀಟರು. ರಸ್ತೆಯ ಎರಡೂ ಕಡೆ ತೊಗರಿ ಕಾಯಿ ಕಟ್ಟಿತ್ತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿತು. ಹುಕ್ಕಾವನ್ನು ನನಗೆ ಮಾರಿದ ವಿಲಾಸರಾವ್ ಬೀದರಿನ ಅಂಗಡಿ ಮುಚ್ಚಿ, ಈಗ ಭಾಲ್ಕಿಯ ತನ್ನ ಮನೆಯಿಂದಲೇ ವ್ಯಾಪಾರ ಮಾಡುತ್ತಾನೆ. ಹತ್ತೂವರೆಗೆ ಅವನ ಮನೆಯಲ್ಲಿದ್ದೆವು. ಪಡಸಾಲೆಯಲ್ಲಿ ಹಿತ್ತಾಳೆಯ ದೀಪದ ಸಮೆಗಳು, ಮರದ ಬಾಗಿಲವಾಡಗಳು, ಕೀಲು ಕಳಚಿದ ಒಂದು ತೊಟ್ಟಿಲು. ನನ್ನನ್ನು ನೋಡಿ ಖುಷಿಯಿಂದಲೇ ಎದ್ದ. ಟವೆಲು ಬಿಚ್ಚಿದಾಗ ಮತ್ತೆ ಕುಳಿತ.

ಮಾರುವಾಗ ಅವನು ಒಂದು ಪತ್ರವನ್ನೂ ಕೊಟ್ಟಿದ್ದ. ಔರಾದಿನ ಒಂದು ವಾಡೆಯ ಮನೆತನದ್ದು. ಮುತ್ತಜ್ಜನ ಕಾಲದಿಂದ ಈ ಹುಕ್ಕಾ ಮನೆಯಲ್ಲಿತ್ತು, ಹಿರಿಯರು ದಿನಾ ಸಂಜೆ ಸೇದುತ್ತಿದ್ದರು ಎಂದು ಅದರಲ್ಲಿ ಬರೆದಿತ್ತು. ನಾಲ್ಕು ತಲೆಮಾರಿನ ಹೆಸರುಗಳಿದ್ದವು. ಆ ಹೆಸರುಗಳನ್ನು ನೋಡಿಯೇ ನಾನು ನಂಬಿದ್ದೆ. ಸೂಜಿ ಚುಚ್ಚುವ ಮೊದಲು ಬಾಟಲಿಯ ಚೀಟಿಯನ್ನು ಮೂರು ಸಲ ಓದುತ್ತಿದ್ದವಳು ಈ ಪತ್ರವನ್ನು ಒಂದೇ ಸಲ ಓದಿ ಕೈಚೀಲದಲ್ಲಿಟ್ಟಿದ್ದೆ. ತಪ್ಪು ನನ್ನದು.

"ಪತ್ರ ಬರೆದವರು ಯಾರು ವಿಲಾಸರಾವ್?"

"ಮನಿಯವರ ಹೇಳಿದ್ರು, ನಾ ಬರಸಿದ್ನಿ ಮೇಡಂ. ಈಗ ಯಾಕ್ರಿ ಅದೆಲ್ಲ?" ಕೇಳದೆಯೇ ಮುಂದುವರಿಸಿದ: "ನಿಮಗ ಸಂಶಯ ಇದ್ರ ಇಲ್ಲೇ ಇಟ್ಟು ಹೋಗ್ರಿ. ಕೊಟ್ಟಷ್ಟು ರೊಕ್ಕ ತಗೊಂಡು ಹೋಗ್ರಿ. ನಾವು ನೀವು ಮಾತಾಡಿದ್ದು ಇಲ್ಲಿಗೇ ಮುಗೀತು."

"ಇಟ್ಟು ಹೋದರೆ ಇದು ಎಲ್ಲಿ ಹೋಗ್ತದ?"

"ಗಿರಾಕಿಗೇನು ಬರಗಾಲ ಅದ ಏನ್ರಿ? ದೊಡ್ಡ ದೊಡ್ಡವರ ಶೋಕೇಸಿನಾಗ ಇಂಥವೇ ಕುಂತಾವ. ಗೊತ್ತಾದವರೂ ಬಾಯಿ ಬಿಡಲ್ಲ. ಮಂದಿ ನಗ್ತಾರಂತ ಹೆದರಿಕಿ. ಬ್ಯಾರೇದವರಿಗೆ ದಾಟಿಸ್ತಾರ. ಹಿಂಗೇ ನಡೀತದ."

ಶಾಂತಾಬಾಯಿ ತೊಟ್ಟಿಲನ್ನು ತಟ್ಟಿ ನೋಡುತ್ತಿದ್ದಳು. "ಈ ತೊಟ್ಟಲಾಗ ಯಾವ ರಾಜ ಆಡಿದ್ನೋ ಅಣ್ಣಾ? ಮೊಳಿ ಇನ್ನೂ ಮಿಂಚಲಿಕ್ಕತ್ತಾವ" ಎಂದಳು.

ಹಣ ವಾಪಸು ಪಡೆಯುವುದು ಸುಲಭವಿತ್ತು. ಆದರೆ ನಾನು ಇಟ್ಟುಹೋದ ಪಾತ್ರೆ ನಾಳೆ ಇನ್ನೊಬ್ಬಳ ಕಪಾಟಿಗೆ ಹೋಗುತ್ತದೆ. ಅವಳಿಗೂ ಹೊಸ ಪತ್ರ ಸಿಗುತ್ತದೆ. ಹುಕ್ಕಾವನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ.

"ಇದು ನನ್ನ ಹತ್ತಿರ ಇರ್ತದ ವಿಲಾಸರಾವ್. ಇನ್ನ ಯಾರಿಗೂ ದಾಟೂದಿಲ್ಲ."

"ನಿಮ್ಮ ಹೆಸರೇ ಕೆಡ್ತದ ಮೇಡಂ."

"ಕೆಡಲಿ" ಎಂದೆ. ಅವನು ಚಹಾ ತರಿಸಿದ್ದ. ಕುಡಿಯದೆ ಎದ್ದೆವು.

ಹನ್ನೊಂದೂವರೆಯ ಔರಾದ್ ಬಸ್ಸು ಹನ್ನೊಂದು ಐವತ್ತಕ್ಕೆ ಬಿಟ್ಟಿತು. ಬಿಸಿಲು ಏರಿತ್ತು, ಸ್ವೆಟರು ಬಿಚ್ಚಿ ಮಡಿಸಿಟ್ಟೆ. ಪಕ್ಕದ ಸೀಟಿನವರು ಮರಾಠಿಯಲ್ಲಿ ಜಗಳ ಆರಂಭಿಸಿ ಕನ್ನಡದಲ್ಲಿ ರಾಜಿಯಾದರು. ಔರಾದಿನಲ್ಲಿ ಇಳಿದಾಗ ಒಂದು ಗಂಟೆ ಇಪ್ಪತ್ತು ನಿಮಿಷ. ಪತ್ರದಲ್ಲಿದ್ದ ಮನೆತನದ ಹೆಸರು ಹೇಳಿದರೆ ಪಾನ್ ಅಂಗಡಿಯವನೇ ಕೈ ಮಾಡಿ ದಾರಿ ತೋರಿಸಿದ. ವಾಡೆ ಇನ್ನೂ ನಿಂತಿತ್ತು. ಕಲ್ಲಿನ ಕಮಾನು, ಒಳಗೆ ಅಂಗಳ, ಅಂಗಳದಲ್ಲಿ ತುಳಸಿ ಕಟ್ಟೆ. ಮನೆಯ ಹಿರಿಯಳು ಗಂಗಾಬಾಯಿ ಬಿಸಿಲಿನಲ್ಲಿ ಕುಳಿತು ತೊಗರಿಕಾಯಿ ಸುಲಿಯುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಕೊರಳಲ್ಲಿ ತುಳಸಿ ಮಾಲೆ.

ನಾವು ಯಾರೆಂದು ಹೇಳಿ ಹುಕ್ಕಾ ಹೊರತೆಗೆದೆ. ಆಕೆ ಸುಲಿಯುವುದನ್ನು ನಿಲ್ಲಿಸಿ, "ಅದು ಒಳಗ ತರಬ್ಯಾಡ್ರಿ ಅಕ್ಕಾ, ಕಮಾನಿನ ಆಚಿ ಇಡ್ರಿ" ಎಂದಳು.

ಹೊರಗಿನ ಕಟ್ಟೆಯ ಮೇಲೆ ಇಟ್ಟು ಬಂದ ಮೇಲೆ ಕಾರಣ ಹೇಳಿದಳು. ಅವರದು ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಮನೆ. ಕೊರಳಿಗೆ ಮಾಲೆ ಬಿದ್ದ ಮೇಲೆ ಮಾಂಸವಿಲ್ಲ, ಮದ್ಯವಿಲ್ಲ. ಆ ಮನೆಯ ಕಟ್ಟಳೆ ಅದಕ್ಕಿಂತ ಬಿಗಿ. ತಂಬಾಕು ಕಮಾನು ದಾಟುವಂತಿಲ್ಲ. ಬೀಗರು ಬಂದರೂ ಬೀಡಿಯ ಕಟ್ಟನ್ನು ಹೊರಗಿನ ಕಟ್ಟೆಯ ಗೂಡಿನಲ್ಲಿಟ್ಟು ಒಳಗೆ ಬರಬೇಕು. ಗೂಡನ್ನು ತೋರಿಸಿದಳು. ಅದರಲ್ಲಿ ಆ ದಿನದ್ದೇ ಒಂದು ಬೀಡಿ ಕಟ್ಟು, ಬೆಂಕಿಪೊಟ್ಟಣ ಇದ್ದವು.

ಪತ್ರವನ್ನು ಓದಿ ಹೇಳಿದೆ. ಹಿರಿಯರು ದಿನಾ ಸಂಜೆ ಸೇದುತ್ತಿದ್ದರು ಎಂಬಲ್ಲಿಗೆ ಬಂದಾಗ ಗಂಗಾಬಾಯಿ ನಗಲು ಶುರುಮಾಡಿದಳು. ಹೆಸರುಗಳನ್ನು ಓದುವಾಗ ನಗು ನಿಂತಿತು.

"ಈ ಹೆಸರು ನಾನೇ ಹೇಳೀನಿ. ಹಳೀ ಹಂಡೆ ಕೊಳ್ಳಲಿಕ್ಕೆ ಒಬ್ಬ ಬಂದಿದ್ದ. ಚಹಾ ಕುಡದ. ನಿಮ್ಮ ಹಿರಿಯರು ಯಾರ್‍ಯಾರು ಅಂತ ಪ್ರೀತಿಲೆ ಕೇಳ್ದ. ಬರಕೊಂಡ. ಹಂಡೆ ತಗೊಳ್ಳಲಿಲ್ಲ. ನಾ ಅಂದ್ನಿ, ಎಷ್ಟು ಛಲೋ ಮನಷಾ ಅದಾನ."

"ಹೆಸರ ತಗೊಂಡು ಹೋದ ನೋಡ್ರಿ" ಎಂದಳು ಶಾಂತಾಬಾಯಿ.

"ಮಾವನವರು ಸಾಯೂತನಕ ಬಾಯಾಗ ಎಲಿ ಅಡಿಕಿನೂ ಹಾಕಲಿಲ್ಲ. ಅವರ ಹೆಸರಿಲೆ ಹುಕ್ಕಾ." ಗಂಗಾಬಾಯಿ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. "ಕಾಗದ ಕೊಡ್ರಿ. ನಾನೂ ಬರೀತೇನಿ. ನಾ ಏಳನೇತ್ತ ಓದೀನಿ."

ಮೊದಲು ಊಟವಾಗಬೇಕೆಂದು ಹಟ ಹಿಡಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಆಮೇಲೆ ಮೊಮ್ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಸಾಲು ಬರೆದಳು: ನಮ್ಮ ಮನೆಯಲ್ಲಿ ಹುಕ್ಕಾ ಇರಲಿಲ್ಲ, ಈ ಪತ್ರ ನಮ್ಮದಲ್ಲ, ನೋಡಬೇಕೆಂದವರು ಬಂದು ನೋಡಬಹುದು. ಕನ್ನಡದಲ್ಲಿ ಬರೆದು ಮರಾಠಿಯಲ್ಲಿ ಸಹಿ ಮಾಡಿದಳು. ಕಮಾನಿನ ತನಕ ಬಂದು, "ನಾಕು ಮಂದಿ ಮುಂದ ಓದ್ರಿ ಅದನ್ನ. ಮುಚ್ಚಿ ಇಡಬ್ಯಾಡ್ರಿ" ಎಂದಳು.

ಔರಾದಿನಿಂದ ಬೀದರಿಗೆ ಎರಡು ಐವತ್ತರ ಬಸ್ಸು. ಜನವಾಡ ಬಂದಾಗ, ಇಳಿಯುವುದಿದ್ದರೆ ಇಳಿ ಎಂದೆ ಶಾಂತಾಬಾಯಿಗೆ. "ಆಪರೇಷನ್ ನಡುವ ಬಿಟ್ಟು ಮನಿಗೆ ಹೋಗ್ಲೇನ್ರಿ?" ಎಂದು ಕಿಟಕಿ ಕಡೆ ತಿರುಗಿ ಕುಳಿತಳು.

ನಾಲ್ಕೂಕಾಲು ಗಂಟೆಗೆ ಬಿದ್ರಿ ಕೆಲಸದವರ ಓಣಿಯಲ್ಲಿದ್ದೆವು. ಆಟೋಗೆ ನಲವತ್ತು ರೂಪಾಯಿ. ಸುಳ್ಳು ಪತ್ರವೆಂದು ಗೊತ್ತಾಗಿತ್ತು. ಪಾತ್ರೆ ಯಾರ ಕೈಯದೆಂದು ಗೊತ್ತಾಗಬೇಕಿತ್ತು. ಮೊದಲ ಕಾರ್ಖಾನೆಯಲ್ಲಿ ಉಳಿ ಹಿಡಿದಿದ್ದವನೊಬ್ಬ ಹುಕ್ಕಾವನ್ನು ಬೆಳಕಿಗೆ ಹಿಡಿದು, ಬಳ್ಳಿಯ ಗೀರುಗಳ ಮೇಲೆ ಉಗುರು ಎಳೆದ. "ಇದು ಎಡಗೈ ಕೆಲಸ. ನಮ್ಮ ಓಣ್ಯಾಗ ಎಡಗೈಯವರು ಒಬ್ಬರೇ. ಮೂಲಿ ಮನಿ, ಹಮೀದ್ ಮಿಯಾ" ಎಂದ. ಇಡೀ ದಿನದ ಪ್ರಶ್ನೆಗೆ ಉತ್ತರ ಅರ್ಧ ನಿಮಿಷದಲ್ಲಿ ಸಿಕ್ಕಿತು.

ಹಮೀದ್ ಮಿಯಾ ಅರವತ್ತು ದಾಟಿದ ಸಣ್ಣ ಮೈಯ ಮನುಷ್ಯ. ಮೊಳಕಾಲುದ್ದದ ಕಲ್ಲಿನ ಮುಂದೆ ಕುಳಿತು ತಟ್ಟೆಯೊಂದಕ್ಕೆ ಬೆಳ್ಳಿ ತಂತಿ ಬಡಿಯುತ್ತಿದ್ದರು. ಹುಕ್ಕಾವನ್ನು ಕೈಗೆ ತೆಗೆದುಕೊಂಡ ಕೂಡಲೇ ಗುರುತಿಸಿದರು.

"ನಂದೇ ಆಪಾ. ಹನ್ನೊಂದು ವರ್ಷ ಆಯ್ತು. ಮಗಳ ನಿಕಾ ವರ್ಷ ಮಾಡಿದ್ದು. ಹೊಸದು ಅಂತ್ಲೇ ಮಾರೀನಿ." ಹೆಬ್ಬೆರಳು ಒಂದು ಹೂವಿನ ಮೇಲೆ ನಿಂತಿತು. ಅಲ್ಲಿ ಬೆಳ್ಳಿ ಇರಲಿಲ್ಲ. "ಇದು ಉದುರಿದ್ದಲ್ರಿ. ಕಿತ್ತಿದಾರ. ಹಳೇದು ಕಾಣ್ಲಿ ಅಂತ. ಹುಣಸಿ ಹಚ್ಚಿ ಕರಿ ತೆಗದಾರ, ಹೊಗಿ ಹಿಡದಾರ." ಐದು ಹೂವಿನ ಬೆಳ್ಳಿ ಕಿತ್ತಿದ್ದರು. ಐದನ್ನೂ ಎಣಿಸಿ ತೋರಿಸಿದರು.

"ಇದರ ಮ್ಯಾಲ ನಿಮ್ಮ ಹೆಸರು ಯಾಕ ಇಲ್ಲ?" ಎಂದು ಕೇಳಿದೆ.

"ನಮ್ಮಲ್ಲಿ ಹೆಸರು ಕೊರೆಯೋ ರಿವಾಜಿಲ್ಲ ಆಪಾ. ಅಬ್ಬಾ ಕೊರೀಲಿಲ್ಲ, ದಾದಾ ಕೊರೀಲಿಲ್ಲ. ಕೆಲಸ ನೋಡಿ ಗೊತ್ತಾಗ್ಬೇಕು. ಹೆಸರು ಹಾಕೋದು ಘಮಂಡ್, ಸೊಕ್ಕು."

"ಅದಕ್ಕೇ ಹನ್ನೊಂದು ವರ್ಷದ ಕೂಸಿಗೆ ಮುನ್ನೂರು ವರ್ಷ ಹಚ್ಚಿದ್ರು ನೋಡ್ರಿ ಸಾಹೇಬ್ರ" ಎಂದಳು ಶಾಂತಾಬಾಯಿ.

ಪಾತ್ರೆಯ ತಳ ಮೇಲೆ ಮಾಡಿ ನನ್ನ ಬೇಡಿಕೆ ಹೇಳಿದೆ: ಇಲ್ಲಿ ನಿಮ್ಮ ಹೆಸರು, ಊರು, ವರ್ಷ ಕೊರೆದುಕೊಡಿ. ಕಪಾಟಿನಲ್ಲಿ ಇದನ್ನು ಹೊಸದೆಂದೇ ಇಡುತ್ತೇನೆ. ಹೆಸರು ಕೊರೆದರೆ ಹಳೆಯದೆಂದು ಮಾರುವವರು ಇನ್ನು ತಮ್ಮ ಬಾಗಿಲಿಗೆ ಬರುವುದಿಲ್ಲ, ಅವರೂ ತಮ್ಮ ಗಿರಾಕಿಗಳೇ, ಅದು ತಿಳಿದಿರಲಿ ಎಂದರು ಹಮೀದ್ ಮಿಯಾ. ತಿಳಿದಿದೆ ಎಂದೆ. ಆಮೇಲೆ ಅವರು ತಟ್ಟೆಯನ್ನು ಬದಿಗಿಟ್ಟು, ಹುಕ್ಕಾವನ್ನು ಕಲ್ಲಿನ ಮೇಲೆ ಮೇಣದಲ್ಲಿ ಕೂರಿಸಿ, ಉಳಿಯನ್ನು ಎಡಗೈಗೆ ತೆಗೆದುಕೊಂಡರು.

ಹೆಸರಿಗೆ ಬೆಳ್ಳಿ ಕೂರಿಸಲು ಒಂದು ಗಂಟೆ ಹಿಡಿಯಿತು. ನಂತರ ಡಬ್ಬಿಯಿಂದ ಕೋಟೆಯ ಮಣ್ಣು ತೆಗೆದು, ಚಿಟಿಕೆಯಷ್ಟನ್ನು ನಾಲಗೆಗೆ ಹಚ್ಚಿ ರುಚಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿ, ನವಸಾಗರದ ಉಪ್ಪು ಕರಗಿಸಿದ ನೀರಿನಲ್ಲಿ ಕುದಿಸಿದರು. ಪಾತ್ರೆಯನ್ನು ಅದರಲ್ಲಿ ಮುಳುಗಿಸಿ ತೆಗೆದಾಗ ಹುಕ್ಕಾ ಹೊಸದಾಗಿ ಕಪ್ಪಾಯಿತು. ಬೆಳ್ಳಿಯ ಅಕ್ಷರಗಳು ಬೆಳ್ಳಗೆ ಉಳಿದವು. ಕಿತ್ತ ಐದು ಹೂಗಳನ್ನು ತುಂಬಿಕೊಡಲೇ ಎಂದು ಕೇಳಿದರು. ಬೇಡ, ಹಾಗೆಯೇ ಇರಲಿ, ಜನ ನೋಡಲಿ ಎಂದೆ.

"ಉಳಿದ ಹದಿನೆಂಟೂ ನಾ ಬಂದು ನೋಡ್ತೀನಿ ಆಪಾ. ಇನ್ನೊಂದು ಹಿಂಗೇ ಸಿಕ್ಕರೆ?"

"ಅದರ ಚೀಟಿನೂ ಬದಲಿಸ್ತೇನಿ" ಎಂದೆ. ಭಾನುವಾರದ ಬಸ್ಸು ಗೊತ್ತುಮಾಡಿದೆವು.

ಆರು ಮುಕ್ಕಾಲಿಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಸುಮಿತ್ರಾಳಿಗೆ ಫೋನು ಮಾಡಿ ದಿನದ ವರದಿ ಒಪ್ಪಿಸಿದೆ.

"ಅಂದ್ರ ಅದು ಖೋಟಾ. ಸರಿ, ತೆಗಿ ಅದನ್ನ" ಎಂದಳು.

"ತೆಗೆಯೂದಿಲ್ಲ. ಪಟ್ಟಿಯೊಳಗ ಅದರ ವಯಸ್ಸು ಬರೀತೇನಿ, ಮಾಡಿದವರ ಹೆಸರು ಬರೀತೇನಿ, ನಾ ಮೋಸ ಹೋದದ್ದೂ ಬರೀತೇನಿ. ಸುಳ್ಳು ಪತ್ರ, ಗಂಗಾಬಾಯಿ ಪತ್ರ ಎರಡೂ ಅದರ ಪಕ್ಕ ಇರ್ತಾವ."

"ಉದ್ಘಾಟನಿಗೆ ಬಂದವರು ನಗ್ತಾರ ನಿನ್ನ ನೋಡಿ."

"ಓದಿ ನಗಲಿ. ಹತ್ತೊಂಬತ್ತೂ ಬರ್ತಾವ, ಇಲ್ಲಂದ್ರ ಒಂದೂ ಬರೂದಿಲ್ಲ."

"ಹಾಸ್ಟೆಲಿನಾಗ ಇದ್ದಾಗಿಂದ ಹಿಂಗೇ ನೀ" ಎಂದಳು. "ಕಳಸು. ಆದ್ರ ಎಲ್ಲಿಡೂದು ಅದನ್ನ? ಮೂಲಿಗಾ?"

"ಬಾಗಿಲಿಗೆ ಎದುರು. ಒಳಗ ಬಂದವರು ಮೊದಲು ಅದನ್ನೇ ನೋಡಬೇಕು."

ಶಾಂತಾಬಾಯಿ ಮೊಬೈಲಿನ ಬೆಳಕು ಹಿಡಿದಳು. ಪಟ್ಟಿಯ ಕೊನೆಯಲ್ಲಿದ್ದ ಹುಕ್ಕಾವನ್ನು ಹೊಡೆದು ಹಾಕಿ, ಹೊಸ ಹಾಳೆಯ ತಲೆಯ ಮೇಲೆ ಬರೆದೆ: ಒಂದು. ಹುಕ್ಕಾ. ಮಾಡಿದವರು ಹಮೀದ್ ಮಿಯಾ, ಬೀದರ. ವಯಸ್ಸು ಹನ್ನೊಂದು ವರ್ಷ. ಮುನ್ನೂರು ವರ್ಷದ್ದೆಂದು ನನಗೆ ಮಾರಿದರು. ನಾನು ಪರೀಕ್ಷಿಸದೆ ಕೊಂಡೆ. ಉಳಿದ ಹದಿನೆಂಟರ ಕ್ರಮಸಂಖ್ಯೆಯನ್ನು ಒಂದೊಂದೇ ಕೆಳಗೆ ಸರಿಸಿ, ಹಾಳೆಯನ್ನು ಮೂರು ಸಲ ಓದಿ, ಸಹಿ ಮಾಡಿ, ಫೋಟೊ ತೆಗೆದು ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ ಕಳಿಸಿದೆ.