ಮೂವತ್ತೇಳು ಸಾಮಾನಿನ ಯಾದಿ

ಲಕ್ಷ್ಮೇಶ್ವರದ ಜಯತೀರ್ಥರಾಯರು ತಮ್ಮ ಕಥೆಯನ್ನು ತಾವೇ ಹೇಳಿಕೊಂಡು ನಗುವುದನ್ನು ಕಲಿತದ್ದು ಅರವತ್ತರ ಹತ್ತಿರ ಬಂದ ಮೇಲೆ. ಅದಕ್ಕೆ ಮೊದಲು ಅವರು ನಗುವ ಪೈಕಿ ಆಗಿರಲಿಲ್ಲ. ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದ ಅವರ ಮುಖ್ಯ ಕೆಲಸ ಯಾದಿ ಬರೆಯುವುದು. ಸಂಸ್ಥಾನಿಕರ ಪರಿವಾರ ಬಂದರೆ ಇಳಿಯುವ ಬಂಗಲೆಯಲ್ಲಿ ಎಷ್ಟು ಗಾದಿ ಇವೆ, ಎಷ್ಟು ಕಂದೀಲು ಇವೆ, ಉಗ್ರಾಣದಲ್ಲಿ ಯಾವ ಯಾವ ಕಾಳುಕಡಿ ಇವೆ, ಎಲ್ಲವೂ ಅವರ ದುಂಡು ಅಕ್ಷರದಲ್ಲಿ ದಫ್ತರಕ್ಕೆ ಏರಬೇಕು. ಹಾಳೆಯ ಮೇಲೆ ಇಲ್ಲದ್ದು ಲೋಕದಲ್ಲಿಯೂ ಇಲ್ಲ ಎಂದು ಅವರು ನಂಬಿದ್ದರು. “ಆಗ ನಾ ಮನಷ್ಯಾ ಆಗಿರಲಿಲ್ರೀ, ದಫ್ತರಕ್ಕ ಕೈಕಾಲು ಬಂದಿದ್ದೂ” ಎಂದು ಮುಂದೆ ಕಟ್ಟೆಗೆ ಕೂತವರ ಮುಂದೆ ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂತು. ಮರುವರ್ಷವೇ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕರಗಿತು, ಕಚೇರಿ ಶಿರಹಟ್ಟಿಗೆ ಹೋಯಿತು. ರಾಯರು ಅದರ ಬೆನ್ನು ಹತ್ತಿ ಏಳು ವರ್ಷ ಶಿರಹಟ್ಟಿಗೆ ಓಡಾಡಿ, ಕೊನೆಗೆ ಒಂದು ಹಾರ ಹಾಕಿಸಿಕೊಂಡು ಮನೆಗೆ ಬಂದರು. ಮನೆಯಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಮುಂಜಾನೆ ಬಜಾರಿನ ತನಕ ಹೋಗಿ ಬರುವುದು, ಕಟ್ಟೆಯ ಮೇಲೆ ಕೂಡುವುದು, ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟ ಕೂಡಲೆ “ಉಪ್ಪು ಕಡಿಮಿ” ಅನ್ನುವುದು. ಈ ಕೊನೆಯದು ಮಾತ್ರ ಹೊಸದಲ್ಲ. ಮದುವೆಯಾದ ವರ್ಷದಿಂದ ಮೂವತ್ತೈದು ವರ್ಷ, ಎರಡೂ ಹೊತ್ತು, ಈ ಮಾತು ತಪ್ಪಿರಲಿಲ್ಲ. ಹೆಂಡತಿ ಪದ್ಮಾಬಾಯಿ ಅದನ್ನು ಊಟದ ಮೊದಲಿನ ಮಂತ್ರದಲ್ಲಿ ಸೇರಿಸಿಬಿಟ್ಟಿದ್ದರು. ಕೇಳಿಸಿದರೂ ತಲೆ ಎತ್ತುತ್ತಿರಲಿಲ್ಲ.

ಮುಂದೆ ಏಕೀಕರಣವಾಯಿತು. ಊರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹೊಸ ಸರಕಾರದ ಮಂದಿ ಬರುವುದು ಹೆಚ್ಚಾಯಿತು. ಹೊಲ ಅಳೆಯುವ ಮೋಜಣಿಯವರು, ಶಾಲೆ ನೋಡುವವರು, ರಸ್ತೆ ಅಳೆಯುವವರು. ಇದ್ದೊಂದು ಬಂಗಲೆ ಯಾವಾಗಲೂ ತುಂಬಿರುತ್ತಿತ್ತು. ರಾಯರ ಮನೆಯ ಹಿಂಭಾಗದಲ್ಲಿ ಎರಡು ಖೋಲಿ, ಒಂದು ಸಣ್ಣ ಅಡಿಗೆಮನೆ ಖಾಲಿ ಇದ್ದವು. ರಾಯರ ತಮ್ಮನು ಗದಗಿಗೆ ಹೋಗಿ ನೆಲೆಸಿದಾಗಿನಿಂದ ಅಲ್ಲಿ ಕುಳ್ಳು ಕಟ್ಟಿಗೆ ಬಿಟ್ಟರೆ ಯಾರೂ ವಾಸವಿರಲಿಲ್ಲ. ಅದನ್ನು ನಾಲ್ಕು ದಿನ, ಎಂಟು ದಿನಕ್ಕೆಂದು ಬಂದವರಿಗೆ ಬಾಡಿಗೆಗೆ ಕೊಡುವುದು, ಅವರು ತಾವೇ ಬೇಯಿಸಿಕೊಂಡು ಉಣ್ಣಲು ಬೇಕಾದ ಪಾತ್ರೆಪಡಗ, ದಿನಸಿ ಎಲ್ಲವನ್ನೂ ತಾವು ತುಂಬಿಡುವುದು ಎಂದು ರಾಯರು ಯೋಚನೆ ಮಾಡಿದರು. ಖರೆ ಹೇಳಬೇಕೆಂದರೆ ಅವರಿಗೆ ಬಾಡಿಗೆಯ ಆಸೆ ಇರಲಿಲ್ಲ. ಯಾರಾದರೂ ಬಾಗಿಲಿಗೆ ಬಂದು “ರಾಯರು ಎಲ್ಲಿದ್ದಾರ?” ಎಂದು ಕೇಳಬೇಕಾಗಿತ್ತು. ಒಂದು ವರ್ಷದಿಂದ ಯಾರೂ ಕೇಳಿರಲಿಲ್ಲ, ಅದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಪದ್ಮಾಬಾಯಿ ಒಪ್ಪಲಿಲ್ಲ. ಬಂದವರು ದಿನಾ ಅದು ಕೊಡಿ, ಇದು ಕೊಡಿ ಎಂದು ತಮ್ಮ ಅಡಿಗೆಮನೆಯ ಬಾಗಿಲಿಗೆ ನಿಲ್ಲುತ್ತಾರೆ, ಮಡಿ ಉಟ್ಟು ಒಲೆಯ ಮುಂದೆ ಕೂತವಳು ಯಾರಿಗೆಂದು ಎದ್ದು ಕೊಡಬೇಕು ಅನ್ನುವುದು ಅವರ ಹೇಳಿಕೆ. ಅದು ನ್ಯಾಯದ ಮಾತೇ. ಆದರೆ ರಾಯರಿಗೆ ಸಿಟ್ಟು ಬಂತು. ದೇವರ ಮನೆಯ ಎದುರಿಗೆ ನಿಂತು ಹೇಳಿಬಿಟ್ಟರು:

“ನಿನ್ನ ಅಡಗಿಮನಿಯೊಳಗಿಂದ ಅವರಿಗೆ ಒಂದು ಚಿಟಿಕಿ ಸಾಮಾನು ಹೋತಂದ್ರ, ಅವತ್ತೇ ಹಿಂದಿನ ಮನಿಗೆ ಕೀಲಿ ಹಾಕ್ತೀನಿ. ಮತ್ತ ಆ ಸುದ್ದಿ ತಗಿಯೂದಿಲ್ಲ.”

ಪದ್ಮಾಬಾಯಿ ಹೂಂ ಅಂದರು.

ರಾಯರು ಟ್ರಂಕಿನ ತಳದಿಂದ ಹಳೆಯ ಬಂಗಲೆಯ ಯಾದಿಯ ನಕಲು ತೆಗೆದರು. ಅಲ್ಲಿದ್ದ ಕಪ್ಪುಬಶಿಗಳನ್ನು ಹೊಡೆದು ಹಾಕಿ, ರೊಟ್ಟಿಯ ಹಂಚನ್ನು ಸೇರಿಸಿ, ಶುದ್ಧಪ್ರತಿ ಮಾಡಿದರು. ಒಟ್ಟು ಮೂವತ್ತೇಳು ಸಾಮಾನು. ಗದಗಿಗೆ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದರು. ಬೋಗುಣಿ, ಚರಿಗೆ, ಸೌಟು, ಇಕ್ಕಳ, ಊದುಗೊಳವೆ. ಅಕ್ಕಿ, ತೊಗರಿಬೇಳೆ, ಜೋಳದ ಹಿಟ್ಟು, ಹುಣಸೆಹಣ್ಣು, ಬೆಲ್ಲ, ಕುಸುಬೆ ಎಣ್ಣೆ, ಸಾಸಿವೆ, ಇಂಗು, ಗುರೆಳ್ಳಿನ ಪುಡಿ, ಚಹಾಪುಡಿ. ಪ್ರತಿಯೊಂದು ಡಬ್ಬಿಗೂ ಚೀಟಿ ಅಂಟಿಸಿದರು. ಹಲ್ಲು ತಿಕ್ಕಲು ಇದ್ದಿಲ ಪುಡಿಯ ಡಬ್ಬಿಗೂ ಚೀಟಿ. ಪದ್ಮಾಬಾಯಿ ಒಮ್ಮೆ ಬಾಗಿಲಲ್ಲಿ ಇಣುಕಿ, ತಾವು ಒಂದು ಸಲ ನೋಡಲೇ ಎಂದು ಕೇಳಿದ್ದುಂಟು. ಇದು ಕಚೇರಿ ಕೆಲಸ, ಹೆಂಗಸರಿಗೆ ತಿಳಿಯುವಂಥದ್ದಲ್ಲ ಎಂದು ರಾಯರು ಕದ ಮುಂದೆ ಮಾಡಿದರು. ಜನ್ಮದಲ್ಲಿ ಒಂದು ದಿನವೂ ಒಲೆ ಹೊತ್ತಿಸದ ಗಂಡಸು ಮೂವತ್ತೈದು ವರ್ಷ ಅಡಿಗೆ ಮಾಡಿದವಳಿಗೆ ಹೇಳಿದ ಮಾತು ಇದು. ಮುಂದೆ ಈ ಭಾಗವನ್ನು ಹೇಳುವಾಗ ರಾಯರು ತಮ್ಮ ಕಿವಿಯನ್ನು ತಾವೇ ಹಿಂಡಿಕೊಳ್ಳುತ್ತಿದ್ದರು.

ಡಿಸೆಂಬರದಲ್ಲಿ ಮೊದಲ ಬಿಡಾರ ಬಂತು. ಶಾಲೆಗಳ ತಪಾಸಣೆಗೆಂದು ಧಾರವಾಡದಿಂದ ಬಂದ ನರಸಿಂಹಾಚಾರ್ಯರು, ಜೊತೆಗೆ ಅವರ ಹೆಂಡತಿ ಸುಂದರಾಬಾಯಿ. ಎಂಟು ದಿನದ ವಾಸ. ಗದಗಿನ ಬಸ್ಸು ತಡವಾಗಿ, ಹೊತ್ತು ಮುಳುಗುವಾಗ ಇಳಿದರು. ರಾಯರು ಯಾದಿ ಹಿಡಿದು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಆಚಾರ್ಯರು ಬೆರಗಾದರು. ಹಿಂದಿನ ವಾರ ಮುಂಡರಗಿಯಲ್ಲಿ ಇಳಿದಲ್ಲಿ ನೀರು ಸೇದುವ ಹಗ್ಗವೂ ಇರಲಿಲ್ಲವಂತೆ. ಇನ್ನು ಮೇಲೆ ಇಲಾಖೆಯಿಂದ ಯಾರೇ ಬರಲಿ, ರಾಯರ ಮನೆಗೇ ಕಳಿಸುವುದಾಗಿ ಹೇಳಿದರು.

ರಾಯರು ಕಟ್ಟೆಗೆ ಬಂದು ಕೂತರು. ಮೈ ಒಂದು ಗೇಣು ಉಬ್ಬಿತ್ತು. ಒಳಗೆ ಪದ್ಮಾಬಾಯಿ ದೇವರಿಗೆ ದೀಪ ಹಚ್ಚಿದರು, ಓಣಿಯಲ್ಲಿ ಒಂದೊಂದೇ ಮನೆಯಲ್ಲಿ ಕಂದೀಲು ಕಂಡವು. ಹಿಂದಿನ ಅಡಿಗೆಮನೆಯಿಂದ ಬೇಳೆ ಬೇಯುವ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ಸುಂದರಾಬಾಯಿ ಸೆರಗಿನಲ್ಲಿ ಕೈ ಒರೆಸುತ್ತ ಬಂದು ನಿಂತರು.

“ರಾಯರ, ಎಲ್ಲಾ ಅದ. ಉಪ್ಪು ಎಲ್ಲಿ ಇಟ್ಟೀರಿ?”

ರಾಯರು ಯಾದಿ ತೆಗೆದರು. ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದರು, ಕೆಳಗಿನಿಂದ ಮೇಲೆ ಹೋದರು. ಇಂಗು ಇತ್ತು. ಇದ್ದಿಲ ಪುಡಿ ಇತ್ತು. ಉಪ್ಪು ಇರಲಿಲ್ಲ. ಬಂಗಲೆಯ ಯಾದಿಯಲ್ಲಿಯೂ ಅದು ಎಂದೂ ಇರಲಿಲ್ಲ. ಅಲ್ಲಿಯ ಅಡಿಗೆಯವನು ಬಾಗಿಲಿಗೆ ಬರುವ ಉಪ್ಪಿನವಳಿಗೆ ಜೋಳ ಅಳೆದು ಕೊಟ್ಟು ಉಪ್ಪು ಹಾಕಿಸಿಕೊಳ್ಳುತ್ತಿದ್ದ. ರೊಕ್ಕ ಕೊಟ್ಟು ಕೊಳ್ಳದ್ದು ದಫ್ತರಕ್ಕೆ ಏರುತ್ತಿರಲಿಲ್ಲ. ರಾಯರ ಮನೆಯಲ್ಲಿ ಕೂಡ ಪದ್ಮಾಬಾಯಿ ಹಾಗೆಯೇ ಕೊಳ್ಳುತ್ತಿದ್ದರು, ರಾಯರು ಕಚೇರಿಯಲ್ಲಿಯೋ ಬಜಾರಿನಲ್ಲಿಯೋ ಇದ್ದ ಹೊತ್ತಿನಲ್ಲಿ. ಎಲೆಯ ತುದಿಯಲ್ಲಿ ಉಪ್ಪು ತಾನಾಗಿ ಹುಟ್ಟುತ್ತದೆ ಎಂದು ರಾಯರು ತಿಳಿದಿದ್ದರೋ ಏನೋ. ಮೂವತ್ತೈದು ವರ್ಷ ಉಪ್ಪು ಕಡಿಮೆ ಎಂದವರು ಉಪ್ಪನ್ನೇ ಮರೆತಿದ್ದರು.

ಈಗಲೇ ತರುತ್ತೇನೆ ಎಂದು ಹೇಳಿ ರಾಯರು ಅಂಗಡಿಯ ಲಕ್ಕಪ್ಪನ ಕಡೆ ಹೆಚ್ಚುಕಡಿಮೆ ಓಡಿದರು. ಲಕ್ಕಪ್ಪ ತಕ್ಕಡಿಯ ಪಕ್ಕದಲ್ಲಿ ಹಚ್ಚಿಟ್ಟ ದೀಪ ತೋರಿಸಿದ. ದೀಪ ಹಚ್ಚಿದ ಮೇಲೆ ಉಪ್ಪು ಕೈಬಿಟ್ಟರೆ ಲಕ್ಷ್ಮಿ ಜೊತೆಗೇ ಹೋಗುತ್ತಾಳೆ ಅನ್ನುವುದು ರಾಯರಿಗೆ ಗೊತ್ತಿಲ್ಲದ್ದೇನಲ್ಲ.

“ಬೆಲ್ಲ ಬೇಕಾದಷ್ಟು ಒಯ್ರಿ. ಉಪ್ಪು ಮಾತ್ರ ಮುಂಜಾನಿ ಬರ್ರಿ, ಜಲ್ದಿ ಬಾಗಲಾ ತಗೀತೀನಿ” ಅಂದ.

ಅಲ್ಲಿಂದ ಹಿಂದಿನ ಓಣಿಯ ಖಾತುನಬಿಯ ಮನೆಗೆ ಹೋದರು. ಅವಳ ಗಂಡ ಅಲ್ಲಾಸಾಬ ಕಚೇರಿಯಲ್ಲಿ ರಾಯರ ಕೈಕೆಳಗೆ ಪಟ್ಟೇವಾಲನಾಗಿದ್ದವನು. ಇವರಲ್ಲಿ ಈ ಕಟ್ಟುಕಟ್ಟಳೆ ಇರಲಾರದು ಎಂದು ರಾಯರ ಲೆಕ್ಕ. ಖಾತುನಬಿ ಕುಂಡ್ರಲು ಚಾಪೆ ಹಾಕಿದಳು, ಚಹಾ ಕೊಡುತ್ತೇನೆ ಅಂದಳು; ಉಪ್ಪಿನ ಮಾತು ಬಂದಾಗ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತನ್ನ ಅತ್ತೆಯ ಕಾಲದಿಂದ ದೀಪದ ಹೊತ್ತಿಗೆ ಉಪ್ಪು ಹೊಸ್ತಿಲು ದಾಟಿಲ್ಲ ಎಂದಳು. ರಾಯರು ಬೀದಿಗೆ ಬಂದು ನಿಂತರು. ಸರಕಾರ ಎಂಟು ವರ್ಷದಲ್ಲಿ ಎರಡು ಸಲ ಬದಲಾಗಿತ್ತು, ಈ ನೇಮ ಮಾತ್ರ ಊರಿನ ಎಲ್ಲ ಮಂದಿಗೂ ಒಂದೇ ಇತ್ತು.

ಇನ್ನು ಉಳಿದದ್ದು ಒಂದೇ ಬಾಗಿಲು. ರಾಯರು ಮನೆಯ ಕಡೆ ತಿರುಗಿದರು. ನಾಳೆಯಿಂದ ಮತ್ತೆ ಅದೇ ಕಟ್ಟೆ, ಮತ್ತೆ ಯಾರೂ ಕೇಳದ ಹೆಸರು. ಅವರು ಅಳುವ ಪೈಕಿಯೂ ಆಗಿರಲಿಲ್ಲ, ಆದರೆ ಆ ಹೊತ್ತು ಅದಕ್ಕೆ ಬಹಳ ದೂರವೂ ಇರಲಿಲ್ಲ. ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತು, ಯಾದಿಯನ್ನು ಕೈಯಲ್ಲಿ ಮಡಚುತ್ತ ಇದ್ದದ್ದನ್ನು ಹೇಳಿದರು. ಲಕ್ಕಪ್ಪ ಕೊಡಲಿಲ್ಲ ಎಂದರು, ಖಾತುನಬಿ ಕೊಡಲಿಲ್ಲ ಎಂದರು. ತಾನು ಸೋತೆ ಎಂದೂ ಹೇಳಿದರು.

ಪದ್ಮಾಬಾಯಿ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು ಎಂದು ರಾಯರಿಗೆ ಅನಿಸಿತು.

“ನಾನೂ ಕೊಡೂದಿಲ್ಲ” ಅಂದರು ಪದ್ಮಾಬಾಯಿ. “ದೀಪ ಹಚ್ಚೀನಿ.” ಒಲೆಯ ಉರಿ ಹಿಂದೆ ಎಳೆದು ಮತ್ತೆ ಹೇಳಿದರು, “ಅವರಿಗೆ ಸಾರಿನ ಬೋಗಣಿ ಎತ್ತಿಕೊಂಡು ಇಲ್ಲಿಗೇ ಬರ್ರಿ ಅನ್ರಿ. ಉಪ್ಪು ಮನಿ ದಾಟಬಾರದು ಅಂತ ಹಿರಿಯರು ಹೇಳ್ಯಾರ. ಸಾರು ದಾಟಬಾರದು ಅಂತ ಯಾರೂ ಹೇಳಿಲ್ಲ.”

ಸುಂದರಾಬಾಯಿ ಸಾರು ತಂದರು, ಪಲ್ಯ ತಂದರು. ಎರಡಕ್ಕೂ ಪದ್ಮಾಬಾಯಿ ಉಪ್ಪು ಹಾಕಿ, ತಮ್ಮ ಒಲೆಯ ಮೇಲೆ ಒಂದು ಕುದಿ ಬರಿಸಿದರು. ಹೆಂಗಸರಿಬ್ಬರೂ ಧಾರವಾಡದ ನೆಂಟರ ಸುದ್ದಿ ತೆಗೆದು ಅರ್ಧ ತಾಸಿನಲ್ಲಿ ಅಕ್ಕತಂಗಿಯರಾದರು. ಗಂಡಸರಿಗೆ ಅಲ್ಲಿಯೇ ಎಲೆ ಹಾಕಿದರು. ರಾಯರು ಮೊದಲ ತುತ್ತು ಬಾಯಿಗಿಟ್ಟರು. ಬೇರೆಯವರ ಬೋಗುಣಿ, ಕೈಗೆ ಅಂದಾಜು ಸಿಕ್ಕಿರಲಿಲ್ಲವೋ ಏನೋ, ಉಪ್ಪು ಆ ದಿನ ಖರೆಯಾಗಿಯೂ ಕಡಿಮೆ ಇತ್ತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಆ ಮಾತಿಗೆ ಆಧಾರ ಸಿಕ್ಕಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಪದ್ಮಾಬಾಯಿ ಸೌಟು ಹಿಡಿದು ಕಾಯುತ್ತ ನಿಂತಿದ್ದರು.

“ಸಾರು ಛಲೋ ಆಗ್ಯದ” ಅಂದರು ರಾಯರು.

ಪದ್ಮಾಬಾಯಿ ಆಗ ತಲೆ ಎತ್ತಿ ನೋಡಿದರು.

ಮರುದಿನ ಮುಂಜಾನೆ ರಾಯರು ಹಳೆಯ ಬೀಗ ಹುಡುಕಿ ಎಣ್ಣೆ ಹಚ್ಚುತ್ತ ಕೂತರು. ಆಚಾರ್ಯರು ಎಂಟು ದಿನ ಇದ್ದು ಹೋಗಲಿ, ಆಮೇಲೆ ಆಡಿದ ಮಾತು ನಡೆಸಬೇಕಲ್ಲ. ಪದ್ಮಾಬಾಯಿ ಬಂದು ಬೀಗವನ್ನು ಕೈಯಿಂದ ತೆಗೆದುಕೊಂಡರು. ತಮ್ಮ ಅಡಿಗೆಮನೆಯಿಂದ ಒಂದು ಹರಳು ಉಪ್ಪೂ ಹೊರಗೆ ಹೋಗಿಲ್ಲ, ಬಂದದ್ದು ಸಾರು, ಉಂಡದ್ದು ಇಲ್ಲಿಯೇ, ಹೀಗಿರುವಾಗ ಕೀಲಿ ಯಾತಕ್ಕೆ ಎಂದು ಕೇಳಿದರು. ಕಾರಕೂನಿಕೆಯಲ್ಲಿ ಕೂದಲು ನೆರೆದ ರಾಯರಿಗೆ ಈ ಕಾಯಿದೆಯಲ್ಲಿ ಒಂದು ತಪ್ಪೂ ಕಾಣಲಿಲ್ಲ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಉಪ್ಪಿನ ತಿಪ್ಪವ್ವನ ಕೂಗು ಕೇಳಿಸಿತು. ಪದ್ಮಾಬಾಯಿ ಮೊರದ ತುಂಬ ಜೋಳ ಸುರಿದು ಗಂಡನ ಕೈಗೆ ಕೊಟ್ಟು, ಹಿಂದಿನ ಮನೆಗೆ ನೀವೇ ಹಾಕಿಸಿಕೊಳ್ಳಿ ಎಂದು ಒಳಗೆ ಹೋದರು.

ತಿಪ್ಪವ್ವ ಈ ಮನೆಯ ಯಜಮಾನರನ್ನು ಹೊಸ್ತಿಲಲ್ಲಿ ಕಂಡದ್ದು ಅದೇ ಮೊದಲು. ಬುಟ್ಟಿ ಇಳಿಸಿ ಉಪ್ಪು ಅಳೆದು ಹಾಕಿದಳು. ಆಮೇಲೆ ಬುಟ್ಟಿಗೆ ಕೈ ಹಾಕಿ ತುಂಬಿದ ಮುಷ್ಟಿಯಷ್ಟು ಉಪ್ಪನ್ನು ಬೇರೆಯಾಗಿ ಒಂದು ಎಲೆಯಲ್ಲಿ ಇಟ್ಟು ಕೊಟ್ಟಳು. ಅಳತೆ ಮುಗಿದ ಮೇಲೆ ಇದೇನು ಎಂದು ರಾಯರು ಕಚೇರಿಯ ದನಿಯಲ್ಲಿ ಕೇಳಿದರು.

“ಅವ್ವಾರಿಗೆ ಪ್ರತಿ ಸಲ ಕೊಡ್ತೀನ್ರಿ” ಅಂದಳು ತಿಪ್ಪವ್ವ. “‘ನಮ್ಮನಿಯವರಿಗೆ ಎಷ್ಟು ಹಾಕಿದ್ರೂ ಸಾಲೂದಿಲ್ಲ, ಅವರ ಪಾಲಿಂದು ಒಂದು ಮುಷ್ಟಿ ಬ್ಯಾರೆ ಹಾಕು’ ಅಂತಾರ್ರಿ. ನಾ ಬರಾಕ ಹತ್ತಿದಾಗಿಂದ ಹಂಗ ನಡದೈತಿ.”

ತಿಪ್ಪವ್ವ ಬುಟ್ಟಿ ಹೊತ್ತು ಮುಂದಿನ ಮನೆಗೆ ಹೋದಳು. ರಾಯರು ಅಳತೆಯ ಉಪ್ಪನ್ನು ಹಿಂದಿನ ಮನೆಯ ಡಬ್ಬಿಗೆ ತುಂಬಿ ಚೀಟಿ ಅಂಟಿಸಿ, ಯಾದಿಯಲ್ಲಿ ಮೂವತ್ತೆಂಟನೆಯದಾಗಿ ಬರೆದರು. ಎಲೆಯಲ್ಲಿದ್ದ ಮುಷ್ಟಿ ಉಪ್ಪನ್ನು ಮಾತ್ರ ಹಿಡಿದುಕೊಂಡು ತಮ್ಮ ಅಡಿಗೆಮನೆಯ ಹೊಸ್ತಿಲಿಗೆ ಬಂದರು. ಅದನ್ನು ತಾವೇ ಉಪ್ಪಿನ ಗಡಿಗೆಗೆ ಹಾಕಬೇಕು ಎಂದಿತ್ತು. ಆ ಗಡಿಗೆ ಎಲ್ಲಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಪದ್ಮಾಬಾಯಿಯನ್ನು ಕೇಳಿದರು.