ಏಳನೇ ಚರಂಡಿಯ ಮೀನು

ನಮ್ಮ ಪರಿಸರ ಇಲಾಖೆಯ ವಾರ್ಷಿಕ ವರದಿಯನ್ನು ಹನ್ನೊಂದು ವರ್ಷದಿಂದ ಬರೆಯುತ್ತಿರುವವನು ನಾನು. ಬರೆಯುತ್ತಿರುವವನು ಅನ್ನುವುದು ಜಂಬದ ಮಾತಾಯಿತು. ಇಸವಿ ಬದಲಾಯಿಸುತ್ತಿರುವವನು ಅಂದರೆ ಸರಿ. 'ಗಣನೀಯ ಪ್ರಗತಿ' ಒಂದನೇ ಅಧ್ಯಾಯ, 'ಮುಂದಿನ ಆದ್ಯತೆಗಳು' ಎರಡನೆಯದು. ಆ ಪ್ರಗತಿ ನೋಡಲು ಹೇಗಿರುತ್ತದೆಂದು ನನಗಂತೂ ಗೊತ್ತಿರಲಿಲ್ಲ. ತೋರಿಸಿದವರು ಭಾವ.

ಭಾವ, ಅಂದರೆ ಅಕ್ಕನ ಗಂಡ, ಅದೇ ಇಲಾಖೆಯಲ್ಲಿ ನೀರಿನ ಮಾದರಿ ತರುವವರು. ಎಲ್ಲರ ಬಾಯಲ್ಲೂ ಸೀಸೆ ಸಾಹೇಬ್ರು. ತಿಳಿಯದವರು ಬೇರೇನೋ ಅಂದುಕೊಳ್ಳುತ್ತಾರೆ. ಇಪ್ಪತ್ತೊಂಬತ್ತು ವರ್ಷ, ಪ್ರತಿ ಸೋಮವಾರ, ಅಗಲ ಬಾಯಿಯ ಸೀಸೆಗೆ ಹಗ್ಗ ಕಟ್ಟಿ ಸೇತುವೆಯಿಂದ ಇಳಿಬಿಟ್ಟು ನೀರು ಮೊಗೆಯುವುದು, ಚೀಟಿ ಅಂಟಿಸಿ ತರುವುದು. ಮೂಗು ಮುಚ್ಚಿಕೊಂಡರೆ ನೌಕರಿಗೇ ಅವಮಾನ ಅನ್ನುವ ಸ್ವಾಭಿಮಾನಿ. ಅಕ್ಕ ಮಾತ್ರ ಸೋಮವಾರ ಅವರನ್ನು ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬಿಡುತ್ತಾಳೆ.

ಅವರ ಪ್ರಾಣವೆಲ್ಲ ಒಂದೇ ತೊರೆಯ ಮೇಲೆ. ತೊರೆ ಅನ್ನುವವರು ಅವರೊಬ್ಬರೇ. ಇಲಾಖೆಯ ಪಟ್ಟಿಯಲ್ಲಿ ಅದು 'ಚರಂಡಿ ಏಳು'. ಮೇಲ್ಗಡೆಯ ಬಣ್ಣದ ಕಾರ್ಖಾನೆ ಕೊಳಕು ಬಿಡುವುದನ್ನು ನಿಲ್ಲಿಸಿದ ಮೇಲೆ ನೀರು ತಿಳಿಯಾಗುತ್ತಿದೆಯೆಂದು ಭಾವ ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಲದ ಆದ್ಯತೆಗಳಲ್ಲಿ ನಾನೇ ಟೈಪ್ ಮಾಡಿದ್ದೆ: ಚರಂಡಿ ಏಳನ್ನು ಕಾಂಕ್ರೀಟ್ ಚಪ್ಪಡಿಯಿಂದ ಮುಚ್ಚುವುದು. ತಿಂಗಳ ಕೊನೆಗೆ ಭಾವ ನಿವೃತ್ತಿ. ಅಷ್ಟರೊಳಗೆ ಆ ಸಾಲು ಹೊಡೆಸಿಹಾಕಬೇಕೆಂದು ಅವರ ಹಟ.

ವರದಿ ಅಚ್ಚಿಗೆ ಹೋಗಬೇಕಿದ್ದ ಸೋಮವಾರ ಭಾವ ಬೂಟುಗಾಲಲ್ಲೇ ಮೂರು ಮಹಡಿ ಓಡಿ ಹತ್ತಿ ಬಂದರು. ಬೆಂಕಿ ಬಿದ್ದಿದೆಯೆಂದುಕೊಂಡು ನಾನು ಮೊದಲು ನನ್ನ ಊಟದ ಡಬ್ಬಿ ಎತ್ತಿಕೊಂಡೆ. ಸೀಸೆಯೊಳಗೆ ಕಿರುಬೆರಳುದ್ದದ ಮೀನೊಂದು, ತಪಾಸಣೆಗೆ ಬಂದ ಅಧಿಕಾರಿಯ ಹಾಗೆ, ನಮ್ಮನ್ನೇ ದುರುಗುಟ್ಟಿ ನೋಡುತ್ತಿತ್ತು.

ಪ್ರಯೋಗಾಲಯದ ಮುಖ್ಯಸ್ಥರು ನಿಯಮದ ಮನುಷ್ಯ. ನಮೂನೆಯಲ್ಲಿ ಎಲೆ, ಕೂದಲು, ಪ್ಲಾಸ್ಟಿಕ್ಕಿಗೆ ಕಾಲಂ ಇದೆ, ಮೀನಿಗಿಲ್ಲ. 'ಇತರೆ: ಒಂದು' ಎಂದು ಬರೆದು, ಮಾದರಿ ಕಲುಷಿತ ಅಂತ ಕೆಂಪು ಮುದ್ರೆ ಒತ್ತಿಬಿಟ್ಟರು.

"ಸ್ವಾಮಿ, ಮೀನಿಂದ ನೀರು ಕೆಡಲ್ಲ, ನೀರು ಕೆಟ್ರೆ ಮೀನಿರಲ್ಲ," ಅಂದರು ಭಾವ. "ಇಷ್ಟು ವರ್ಷ ನಾವು ಹುಡುಕಿದ್ದು ಇದನ್ನೇ ಅಲ್ವಾ?"

ಅಷ್ಟರಲ್ಲಿ ಇಡೀ ಕಚೇರಿ ಅಲ್ಲಿ ನೆರೆದಿತ್ತು. ಟಪಾಲು ವಿಭಾಗದವರು ಮೀನಿಗೆಂದು ಬಿಸ್ಕತ್ತು ಪುಡಿಮಾಡಿ ತಂದರು. ಗಾಳಿ ವಿಭಾಗದವರು ಮಾತ್ರ ದೂರ ನಿಂತು, ನಾವು ಏನು ತುಂಬಿಕೊಂಡು ಬಂದರೂ ಯಾರಿಗೂ ಕಾಣುವುದಿಲ್ಲ ಎಂದು ಗೊಣಗಿದರು. ಗದ್ದಲ ಕೇಳಿ ಬೈಯಲು ಬಂದ ನಿರ್ದೇಶಕಿ ಕನ್ನಡಕ ಏರಿಸಿ ಸೀಸೆಯತ್ತ ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ. ಆಮೇಲೆ ಕೇಳಿದರು: "ಇದರ ತಲೆ ಮೇಲೆ ಚಪ್ಪಡಿ ಹಾಕೋಕೆ ಹೊರಟಿದ್ವಾ? ಬರೆದೋರು ಯಾರ್ರೀ?"

ನಾನು ಮೀನಿನ ಹಿಂದೆ ಅಡಗಲು ನೋಡಿದೆ, ಮೀನು ಸಾಲಲಿಲ್ಲ.

ಆದರೂ ಒಂದು ಮೀನು ಯಾರದೋ ಮನೆಯ ಗಾಜಿನ ತೊಟ್ಟಿಯಿಂದ ಬಂದಿರಬಹುದು, ಇನ್ನೊಂದು ತೋರಿಸಿದರೆ ಸಾಲು ತೆಗೆಸುತ್ತೇನೆ ಅಂದರು ನಿರ್ದೇಶಕಿ. ಇಡೀ ಇಲಾಖೆ ಸೇತುವೆಯ ಮೇಲೆ ಬಗ್ಗಿ ನಿಂತಿತು. ಮೊದಲ ಸೀಸೆಯಲ್ಲಿ ಬರೀ ನೀರು. ಎರಡನೆಯದರಲ್ಲಿ ಎಲೆ. ಒಂಬತ್ತನೆಯ ಸಲ ಭಾವ ಹಗ್ಗ ಎಳೆದಾಗಲೂ ಮೀನಿಲ್ಲ. ನಿರ್ದೇಶಕಿ ಗಡಿಯಾರ ನೋಡಿಕೊಂಡರು. ಅದೇ ಹೊತ್ತಿಗೆ, ಇಣುಕುವ ಭರದಲ್ಲಿ ಟಪಾಲಿನವರ ಕೈಯಿಂದ ಬಿಸ್ಕತ್ತಿನ ಪುಡಿಯಷ್ಟೂ ನೀರಿಗೆ ಸುರಿಯಿತು. ಪರಿಸರ ಇಲಾಖೆಯೇ ತೊರೆಗೆ ಕಸ ಹಾಕಿತಲ್ಲ ಎಂದು ನಾವು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ, ಸೇತುವೆಯ ನೆರಳಿನಿಂದ ಮೀನುಗಳು ಪಳಪಳ ಹೊಳೆಯುತ್ತ ಬಂದವು. ಒಂದಲ್ಲ, ಹತ್ತಲ್ಲ, ನೀರೇ ಕುದಿಯಿತು. ಪ್ರಯೋಗಾಲಯದ ಮುಖ್ಯಸ್ಥರು ಗಾಳಿ ವಿಭಾಗದವರನ್ನು ತಬ್ಬಿಕೊಂಡು ಕುಣಿದರು. ನಿಯಮದಲ್ಲಿ ಅದಕ್ಕೂ ಕಾಲಂ ಇಲ್ಲ.

ಅಲ್ಲೇ ಕಟ್ಟೆಯ ಮೇಲೆ ಕೂತು ಸಾಲು ಹೊಡೆದುಹಾಕಿ, ಹನ್ನೊಂದು ವರ್ಷದಲ್ಲಿ ನನ್ನದೇ ಆದ ಮೊದಲ ವಾಕ್ಯ ಬರೆದೆ: ಏಳನೆಯದನ್ನು ಇನ್ನು ಮುಂದೆ ತೊರೆ ಎಂದೇ ಕರೆಯುವುದು, ಮುಚ್ಚಕೂಡದು. ಭಾವ ಸೀಸೆ ಬಗ್ಗಿಸಿ ಮೀನನ್ನು ಬಿಟ್ಟರು. ಆ ಗುಂಪಿನಲ್ಲೂ ತಮ್ಮ ಮೀನು ಯಾವುದೆಂದು ಗೊತ್ತಾಗುತ್ತದಂತೆ.

"ನನ್ನ ಹುಟ್ಟಿದ ದಿನ ನೆನಪಿರಲ್ಲ, ಮೀನಿನ ಮುಖ ನೆನಪಿರತ್ತೆ," ಅಂದಳು ಸಂಜೆ ಸುದ್ದಿ ಕೇಳಿದ ಅಕ್ಕ. ಆದರೂ ಆ ಸೋಮವಾರ ಮುಂಬಾಗಿಲನ್ನೇ ತೆಗೆದಳು. ಬೂಟು ಮಾತ್ರ ಹೊರಗೇ ಬಿಡಿಸಿದಳು.