ರಾಕ್ಷಸನನ್ನು ತಿದ್ದಿದ ಅಕ್ಕೋರು

ಅಕ್ಕೋರ ಬಲಗೈ ಕಿರುಬೆರಳು ಉಳಿದ ನಾಲ್ಕರ ಜೊತೆ ಎಂದೂ ರಾಜಿಯಾಗಲಿಲ್ಲ. ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿ ಕುಟ್ಟಿ ಅದು ಹೊರಕ್ಕೆ ಕೊಂಕಿ ನಿಂತಿತ್ತು. ಚಹಾದ ಲೋಟ ಹಿಡಿದರೂ, ಸೆರಗು ಸಿಕ್ಕಿಸಿದರೂ ಅದೊಂದು ಮಾತ್ರ ಬೇರೆ ದಿಕ್ಕು ತೋರಿಸುತ್ತಿತ್ತು. ಬೈಯುವಾಗ ಅವರು ಎತ್ತುತ್ತಿದ್ದದ್ದೂ ಅದನ್ನೇ. ಹೊಸ ಹುಡುಗಿಯರು ಒಂದಕ್ಕೆ ಹೋಗಲು ಅಪ್ಪಣೆಯಾಯಿತೆಂದು ಎದ್ದು ನಿಂತು ಇನ್ನೊಂದು ಸುತ್ತು ಬೈಸಿಕೊಳ್ಳುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದು ರೂಢಿ. ಕುಮಟೆಯ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಆರು ಟೈಪ್‌ರೈಟರ್ ಇಟ್ಟುಕೊಂಡಿದ್ದ ಇವರು ಊರಿಗೆಲ್ಲ ಟೈಪಿಂಗ್ ಅಕ್ಕೋರು.

ಅವರನ್ನು ಒಂದು ಸಲ ಕರೆದರೆ ಓಗೊಡುತ್ತಿರಲಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಎದುರಿಗೇ ಕೂತಿದ್ದರೂ ಅಷ್ಟೇ. ಮೂರನೆಯ ಸಲ ಕರೆದರೆ ಮಾತ್ರ, "ಹಾಂ, ಎಂತ?" ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರು ಸಲ ಆಗುವವರೆಗೆ ಓ ಅನ್ನಬಾರದು, ದೆವ್ವ ಎರಡೇ ಸಲ ಕರೆಯುವುದು ಎಂದು ನಮ್ಮ ಮನೆಗಳಲ್ಲೂ ಹೇಳುತ್ತಿದ್ದರು. ಅಕ್ಕೋರು ಅದನ್ನು ಹಾಡಹಗಲೂ ಪಾಲಿಸುತ್ತಿದ್ದರು. ಯಾಕೆಂದು ಕೇಳಿದರೆ, "ದೆವ್ವಕ್ಕೆ ಎರಡು ಸಲದ್ದೇ ತಾಳ್ಮೆ. ಮೂರನೇದು ಮನುಷ್ಯರದ್ದು. ನೀನು ಯಾವ್ದು ಅಂತ ನಂಗೆ ಗೊತ್ತಾಗ್ಬೇಕಲ?" ಎನ್ನುತ್ತಿದ್ದರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಪೇಟೆಗೆ ಕಂಪ್ಯೂಟರ್ ಕ್ಲಾಸು ಬಂದು, ಮಾಳಿಗೆಯ ಮೆಟ್ಟಿಲು ಹತ್ತುವವರು ಕಡಿಮೆಯಾಗಿದ್ದರು. ಹಡಗಿನ ಕೆಲಸದಲ್ಲಿದ್ದ ಅಕ್ಕೋರ ತಮ್ಮ ರಜೆಗೆ ಬಂದಾಗ ಯಾವುದೋ ಬಂದರಿನಲ್ಲಿ ಕೊಂಡ ಆಟವೊಂದನ್ನು ತಂದುಕೊಟ್ಟಿದ್ದ. ದಪ್ಪನೆಯ ಇಂಗ್ಲಿಷ್ ಪುಸ್ತಕ, ಜೊತೆಗೆ ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು. ದಾಳಗಳನ್ನು ಅಕ್ಕೋರು ಖಾಲಿ ಇಂಗಿನ ಡಬ್ಬಿಯಲ್ಲಿ ಹಾಕಿಟ್ಟಿದ್ದರಿಂದ ಆಟ ಮುಗಿದ ಮೇಲೆ ನಮ್ಮ ಕೈಯೆಲ್ಲ ಸಾರಿನ ಒಗ್ಗರಣೆಯ ವಾಸನೆ. ಈ ಆಟಕ್ಕೆ ಹಾಸಿಲ್ಲ, ಕಾಯಿಲ್ಲ. ಒಬ್ಬರು ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ವೀರರಾಗಿ, ಈಗ ನಾನು ಇಂಥದ್ದು ಮಾಡುತ್ತೇನೆ ಎನ್ನಬೇಕು. ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಅಕ್ಕೋರು ಕಥೆ ಹೇಳುತ್ತಿದ್ದರು. ನಾವು ನಾಲ್ವರು ಕಾಲೇಜು ಹುಡುಗಿಯರು ಕತ್ತಿ ಹಿಡಿದು ಕಾಡಿಗೆ ನುಗ್ಗುತ್ತಿದ್ದೆವು.

ಆ ಪುಸ್ತಕದಲ್ಲಿ ಒಂದು ಪುಟ ತೆರೆದಾಗ ಅಕ್ಕೋರಿಗೆ ಬಂದ ಸಿಟ್ಟು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಅಲ್ಲಿದ್ದವನು ನಮ್ಮ ರಾಕ್ಷಸ! ಹುಲಿಯ ಮುಖ, ಮೈಮೇಲೆ ಜರತಾರಿ ನಿಲುವಂಗಿ, ಅಂಗೈ ಎರಡೂ ಹಿಂದುಮುಂದು. ಬೇಕಾದವರ ರೂಪ ತಾಳಿ ಬಂದು ಕೊಲ್ಲುವ ದುಷ್ಟಶಕ್ತಿ ಎಂದು ಕೆಳಗೆ ಬರೆದಿತ್ತು.

"ಥೂ! ತಿರುಗಿರೂದು ಪಾದ ಅಂತ ನಮ್ಮೂರ ಶಿಶುವಿಗೂ ಗೊತ್ತು, ಇವ್ರು ಕೈ ತಿರುಗ್ಸಿ ಕೂತಿದ್ದಾರೆ," ಎಂದು ಕಿರುಬೆರಳು ಎತ್ತಿದರು. "ಹುಲಿ ಮುಖ ಇಟ್ಕಂಡು ಬಂದ್ರೆ ಯಾರು ಬಾಗ್ಲು ತೆಗೀತಾರೆ? ಯಕ್ಷಗಾನದಾಟದ ರಾಕ್ಷಸವೇಷ ನೋಡೀರಲ, ಹೂಂಕರಿಸ್ತಾ ಬತ್ತದೆ, ಗುರುತು ಸಿಕ್ತದೆ. ಹೆದರ್ಬೇಕಾದ್ದು ಹೂಂಕರಿಸ್ದೇ ಬರೂವವಕ್ಕೆ."

ಪೆನ್ಸಿಲ್ ತೆಗೆದುಕೊಂಡು ಹುಲಿಮುಖದ ಮೇಲೆ ಗೀಟು ಹೊಡೆದರು. ಪಕ್ಕದಲ್ಲಿ ತಮ್ಮದೇ ನಿಯಮ ಬರೆದರು: ಇವನು ಯಾರ ರೂಪವನ್ನಾದರೂ ತಾಳಬಲ್ಲ, ಆದರೆ ಒಂದೇ ಪ್ರಶ್ನೆಗೆ ಎರಡು ಸಲ ಮಾತ್ರ ಸುಳ್ಳು ಹೇಳಬಲ್ಲ, ಮೂರನೆಯ ಸಲ ಕೇಳಿದರೆ ಒಳಗಿನದು ಹೊರಗೆ ಬರುತ್ತದೆ.

ನಿಯಮ ನಮಗೆ ಬಾಯಿಪಾಠವಾಗಿತ್ತು. ಆದರೂ ಸತ್ತೆವು. ಕಥೆಯಲ್ಲಿ ಬಿಸಿಲಿಗೆ ಬಳಲಿ ಕೋಟೆಯ ಬಾಗಿಲಿಗೆ ಬಂದಾಗ ಒಬ್ಬಳು ಮುದುಕಿ ಕೈಕಾಲಿಗೆ ನೀರು ಕೊಟ್ಟು, ಕೋಕಂ ಪಾನಕ ತಂದಿಟ್ಟಳು. "ಇದರಲ್ಲಿ ಎಂತ ಹಾಕೀರಿ ಅಮ್ಮ?" ಎಂದು ನಾನು ಒಂದು ಸಲ ಕೇಳಿದೆ. "ಬೆಲ್ಲ, ಮಗಾ," ಎಂದಳು. ನಾಲ್ವರೂ ಗಟಗಟ ಕುಡಿದೆವು. ಅಕ್ಕೋರು ಪುಸ್ತಕ ಮುಚ್ಚಿ ನಕ್ಕರು.

"ಕತ್ತಿ ಇತ್ತು, ಮಂತ್ರ ಇತ್ತು. ನೀವು ಸತ್ತದ್ದು ಮರ್ಯಾದೆಗೆ."

"ಹಿರಿಯರನ್ನ ಮೂರು ಸಲ ಕೇಳೂದು ಹೆಂಗೆ ಅಕ್ಕೋರೆ?"

"ಬಾಯಿಂದ."

ನಾನು ಬಿ.ಎ. ಮುಗಿಸಿ, ಅಕ್ಕೋರ ಯಂತ್ರದಲ್ಲೇ ಬಿ.ಎಡ್. ಅರ್ಜಿ ಟೈಪು ಮಾಡಿ ಕಳಿಸಿದ್ದೆ. ಸೀಟು ಸಿಕ್ಕಿತು. ಅದೇ ವಾರ ಹೊನ್ನಾವರದ ಕಡೆಯಿಂದ ಗಂಡಿನವರು ನೋಡಲು ಬಂದರು. ಹುಡುಗನಿಗೆ ಸರಕಾರಿ ನೌಕರಿ. ನನ್ನ ಹೆತ್ತ ಆಯಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನಗೋ ಆ ಸೀಟೊಂದೇ ಚಿಂತೆ. ಒಂದು ವರ್ಷದ ಓದು ತಪ್ಪಿದರೆ ನನ್ನ ಕಾಲ ಮೇಲೆ ನಾನು ನಿಲ್ಲುವ ಮಾತು ಅಲ್ಲಿಗೆ ಮುಗಿಯಿತು. ಅವಲಕ್ಕಿ ಕೊಡುತ್ತಾ ಹುಡುಗನ ತಾಯಿಯನ್ನು ಕೇಳಿದೆ, "ಮದುವೆ ಆದ ಮೇಲೆ ಬಿ.ಎಡ್. ಮುಗಿಸ್ಬಹುದಲ?"

"ಓದ್ಲಿ, ಓದ್ಲಿ. ನೀನು ನಮ್ಮನೆ ಮಗಳಿದ್ದಂಗೆ."

ಚಹಾ ಕೊಡುವಾಗ ಮತ್ತೆ ಕೇಳಿದೆ. ಆಯಿ ಬಾಗಿಲ ಸಂದಿಯಿಂದ ಕಣ್ಣು ಬಿಟ್ಟಳು. "ಹೇಳಿದೆನಲ ತಂಗಿ, ಓದುವೆಯಂತೆ," ಎಂದು ಆ ತಾಯಿ ನಕ್ಕರು. ಅಲ್ಲಿಗೆ ಬಿಡಬಹುದಿತ್ತು. ಅವರು ಅಂಗಳಕ್ಕಿಳಿದು ಚಪ್ಪಲಿ ಮೆಟ್ಟುವಾಗ ಹಿಂದೆ ಹೋಗಿ ಮೂರನೆಯ ಸಲ ಕೇಳಿದೆ.

ನಗು ಹೋಯಿತು. "ಒಂದ್ಸಲ ಹೇಳಿದ್ರೆ ತಿಳೂದಿಲ್ವಾ? ಸೊಸೆ ಪುಸ್ತಕ ಹಿಡ್ಕಂಡು ಬಸ್ಸಿಗೆ ನಿಂತ್ರೆ ಒಲೆ ಮುಂದೆ ನಾನು ಕೂರೂದಾ?"

ನಾನು ಅವರ ಪಾದ ನೋಡಿದೆ. ನೆಟ್ಟಗೇ ಇದ್ದವು. "ಹಂಗಾದ್ರೆ ಈ ಸಂಬಂಧ ನಂಗೆ ಬೇಡ," ಎಂದೆ.

ಮನೆಯಲ್ಲಿ ಏನಾಯಿತೆಂದು ಬರೆಯಬೇಕಾಗಿಲ್ಲ. ಇದೆಲ್ಲ ಮಾಳಿಗೆಯ ದೆವ್ವದಾಟದ ಪ್ರಭಾವ ಎಂದು ನೆರೆಕೆರೆಯವರು ತೀರ್ಮಾನಿಸಿದರು. ಮರುದಿನ ಅಪ್ಪ ನನ್ನನ್ನು ಎಳೆದುಕೊಂಡೇ ಆ ಮೆಟ್ಟಿಲು ಹತ್ತಿದ. ಬಸ್ ಕಂಡಕ್ಟರಾಗಿದ್ದ ಅಪ್ಪನ ಕಂಠ ಬೀದಿಗೆಲ್ಲ ಕೇಳುವಂಥದ್ದು. "ಅಕ್ಕೋರೇ!" ಉತ್ತರವಿಲ್ಲ. "ಅಕ್ಕೋರೇ!" ಒಳಗೆ ಟಕಟಕ ಸದ್ದು ನಿಲ್ಲಲಿಲ್ಲ. ಮೂರನೆಯ ಕೂಗಿಗೆ ತಲೆ ಎತ್ತಿದರು. "ಹಾಂ, ಎಂತ?"

"ನಿಮ್ಮ ಆಟದಿಂದ ನಮ್ಮ ಹುಡುಗಿ ಸಂಬಂಧ ಹಾಳಾತು."

"ಆಟ ಅಲ್ಲಿರ್ಲಿ. ನೀವು ಮಗಳನ್ನ ಓದಿಸ್ತ್ರಾ?"

"ಅದು ಬೇರೆ ಮಾತು."

"ಓದಿಸ್ತ್ರಾ?"

"ನೋಡುವಾ. ನಾಲ್ಕು ಜನ ಎಂತ ಹೇಳ್ತ್ರು..."

ಅಕ್ಕೋರು ಎದ್ದು ಬಂದು ಅಪ್ಪನ ಎದುರಿಗೆ ನಿಂತರು. ಈ ಸಲ ದನಿ ತಗ್ಗಿತ್ತು. "ಓದಿಸ್ತ್ರಾ?"

ಅಪ್ಪ ನನ್ನನ್ನು ನೋಡಿದ. ಅವನ ಒಳಗಿನಿಂದ ಏನು ಬರುತ್ತದೋ ಎಂದು ನಾನು ಅವನ ಬಾಯನ್ನೇ ನೋಡಿದೆ. ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಓದಿಸ್ತೆ," ಎಂದ. "ನಾನೂ ಏಳನೇತ್ತಿಗೆ ಶಾಲೆ ಬಿಟ್ಟವನೇ."

ಅವನು ಇಳಿದು ಹೋದ ಮೇಲೆ ಅಕ್ಕೋರು ನನ್ನ ಕೈಗೆ ಇಂಗಿನ ಡಬ್ಬಿ ಕೊಟ್ಟು, "ಇಟ್ಕ. ನಂಗೆ ನಿನ್ನ ಪ್ರಾಯದಲ್ಲಿ ಒಂದೇ ಸಲ ಕೇಳೂಕೆ ಧೈರ್ಯ ಆಗಿತ್ತು," ಎಂದರು. ಮದುವೆಯಾಗಿ ಹನ್ನೊಂದೇ ತಿಂಗಳಲ್ಲಿ ಒಂದು ಟ್ರಂಕು ಹಿಡಿದು ತಿರುಗಿ ಬಂದವರು ಅವರೆಂದು ಊರಿಗೆಲ್ಲ ಗೊತ್ತಿತ್ತು. ಅವರ ಬಾಯಿಂದ ಆ ವಿಷಯ ನಾನು ಕೇಳಿದ್ದು ಅಷ್ಟೇ.

ನನ್ನಿಂದಾಗಿ ಅವರ ಕ್ಲಾಸಿಗೆ ಪೆಟ್ಟು ಬಿತ್ತು. ಮೂರು ಮನೆಯವರು ಹುಡುಗಿಯರನ್ನು ಬಿಡಿಸಿದರು. ಆಟ ನಿಲ್ಲಿಸಿದರೆ ಕಳಿಸುತ್ತೇವೆ ಎಂದು ಒಬ್ಬರು ರಾಜಿಗೂ ಬಂದರು. ಅಕ್ಕೋರು ಮರುದಿನವೇ ಆ ಗೀಟು ಹೊಡೆದ ರಾಕ್ಷಸನ ಪುಟ ಹರಿದು, ಬಾಗಿಲಿನ ಹೊರಗೆ ಎಲ್ಲರಿಗೂ ಕಾಣುವಂತೆ ಅಂಟಿಸಿದರು. ಬಿಸಿಲಿಗೆ ಬಣ್ಣ ಹೋಗಿ ಅವನು ಬೆಕ್ಕಿನಂತಾದ. ಅಕ್ಕೋರು ತೆಗೆಯಲಿಲ್ಲ.

ನಾನು ಹೊನ್ನಾವರದ ಹೈಸ್ಕೂಲಿನಲ್ಲಿ ಅಕ್ಕೋರು ಎನ್ನಿಸಿಕೊಂಡು ಆರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಸುದ್ದಿ ಬಂತು. ಮೊದಲ ಬಸ್ಸು ಹಿಡಿದು ಹೋದೆ. ಮಾಳಿಗೆಯಲ್ಲಿ, ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ, ಚಾಪೆಯ ಮೇಲೆ ಅಕ್ಕೋರನ್ನು ಮಲಗಿಸಿದ್ದರು. ಕೈ ಎರಡನ್ನೂ ಎದೆಯ ಮೇಲೆ ಜೋಡಿಸಲು ಯಾರೋ ಹೆಣಗಿದ್ದರು. ಕಿರುಬೆರಳು ಮಾತ್ರ ಒಪ್ಪದೆ ಹೊರಗೇ ನಿಂತಿತ್ತು.

ಹತ್ತಿರ ಕೂತು "ಅಕ್ಕೋರೇ" ಎಂದೆ. ಸ್ವಲ್ಪ ತಡೆದು, "ಅಕ್ಕೋರೇ," ಎಂದೆ. ಅವರು ಓಗೊಡಲಿಲ್ಲ. ಎರಡು ಸಲಕ್ಕೆ ಅವರು ಎಂದೂ ಓಗೊಟ್ಟವರಲ್ಲ.

ಮೂರನೆಯ ಸಲ ನಾನು ಕರೆಯಲಿಲ್ಲ. ಇವತ್ತಿಗೂ ಕರೆದಿಲ್ಲ.